ಕೊಲೊನೋಸ್ಕೋಪಿಗೆ ಮಲಗುವ ಮುಂಚೆ: ಮತ್ತಿನ ಇಂಜೆಕ್ಷನ್ ಬಗ್ಗೆ ಏನು ಕೇಳಬೇಕು, ಏನು ಹೇಳಬೇಕು

"ಪೂರ್ತಿ ನಿದ್ದೆ ಮಾಡಿಸಿಬಿಡಿ ಸಿಸ್ಟರ್, ನನಗೇನೂ ಗೊತ್ತಾಗಬಾರದು." ಬಳ್ಳಾರಿಯಲ್ಲಿ ಎಂಡೋಸ್ಕೋಪಿ ರೂಮಿನ ನರ್ಸ್ ಆಗಿದ್ದಷ್ಟು ವರ್ಷವೂ ಈ ಮಾತು ಕೇಳಿದ್ದೇನೆ. ಸಿರುಗುಪ್ಪದಿಂದ, ಕಂಪ್ಲಿಯಿಂದ, ಅತ್ತ ಸಿಂಧನೂರಿನಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಕೊಲೊನೋಸ್ಕೋಪಿ ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಪೈಪು ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ. ಹೆದರಿಕೆ ಆ ಪೈಪಿನದ್ದು. ಆದರೆ ಎಡವಟ್ಟು ಮಾಡಿಕೊಳ್ಳುವುದು ಪೈಪು ಹಾಕುವಾಗ ಅಲ್ಲ, ಅದಕ್ಕೂ ಹತ್ತು ನಿಮಿಷ ಮುಂಚೆ, ನಾವು ಪ್ರಶ್ನೆ ಕೇಳುವಾಗ.

ಹಂತ 1: ಯಾವ ಮತ್ತು ಅಂತ ಮೊದಲೇ ಕೇಳಿ

ತಾರೀಕು ಕೊಡುವ ದಿನವೇ ಕೇಳಬೇಕು. ಸಾಮಾನ್ಯವಾಗಿ ಮೂರು ದಾರಿ ಇವೆ. ಮತ್ತೇ ಇಲ್ಲದೆ ಮಾಡಿಸಿಕೊಳ್ಳುವುದು ಒಂದು. ಎಷ್ಟೋ ಜನ ಹಾಗೇ ಮಾಡಿಸಿಕೊಂಡು ಎದ್ದು ನಡೆದುಕೊಂಡು ಹೋಗುತ್ತಾರೆ. ಎರಡನೆಯದು ಮಂಪರು: ಮಿಡಜೋಲಮ್ ಅನ್ನುವ ಔಷಧಿ, ಅದರ ಜೊತೆಗೆ ನೋವಿಗೆ ಫೆಂಟನಿಲ್. ಕರೆದರೆ ಓಗೊಡುತ್ತೀರಿ, ಆದರೆ ಆಮೇಲೆ ಬಹುಪಾಲು ನೆನಪಿರುವುದಿಲ್ಲ. ಮೂರನೆಯದು ಪ್ರೊಪೊಫೋಲ್. ನೋಡಲು ಹಾಲಿನಂತೆ ಬೆಳ್ಳಗಿರುತ್ತದೆ, ನರಕ್ಕೆ ಹೋಗುವಾಗ ಕೈ ಉರಿಯುತ್ತದೆ, ಒಂದು ನಿಮಿಷದೊಳಗೆ ನಿದ್ದೆ. ನಿಲ್ಲಿಸಿದರೆ ಅಷ್ಟೇ ಬೇಗ ಎಚ್ಚರ. ಆದರೆ ಒಂದು ವ್ಯತ್ಯಾಸ ಇದೆ. ಮಿಡಜೋಲಮ್, ಫೆಂಟನಿಲ್ ಜಾಸ್ತಿಯಾದರೆ ಅವನ್ನು ಇಳಿಸುವ ಇಂಜೆಕ್ಷನ್ ಇದೆ. ಪ್ರೊಪೊಫೋಲ್‌ಗೆ ಅಂಥದ್ದಿಲ್ಲ, ಅದು ಇಳಿಯುವ ತನಕ ಯಾರಾದರೂ ನಿಮ್ಮ ಉಸಿರು ಕಾಯಬೇಕು.

ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಎರಡನೆಯದೇ ಸಾಕು. ಪ್ರೊಪೊಫೋಲ್ ಬೇಕೇ ಬೇಕು ಅಂದರೆ ಅರಿವಳಿಕೆ ಡಾಕ್ಟರ್ ಬೇರೆಯಾಗಿ ಇರುತ್ತಾರಾ ಅಂತ ಕೇಳಿ. 'ನೋವಿಲ್ಲದ ಕೊಲೊನೋಸ್ಕೋಪಿ, ಪ್ಯಾಕೇಜ್ ರೇಟ್' ಅಂತ ಬೋರ್ಡು ಹಾಕಿದ ಕಡೆಯಂತೂ ಇದನ್ನು ಎರಡು ಸಲ ಕೇಳಿ. ಪೈಪು ಹಿಡಿದ ಡಾಕ್ಟರ ಕಣ್ಣು ಟಿವಿ ಪರದೆ ಮೇಲಿರುತ್ತದೆ, ನಿಮ್ಮ ಮುಖ ನೋಡಲು ಇನ್ನೊಬ್ಬರು ಬೇಕಲ್ವಾ?

ಹಂತ 2: ಹೊಟ್ಟೆ ಖಾಲಿ ಮಾಡುವ ಪುಡಿ

ಚೀಟಿಯಲ್ಲಿ ಬರೆದ ಹೊತ್ತಿಗೆ, ಬರೆದಷ್ಟು ನೀರಿನಲ್ಲಿ ಕಲಸಿ, ಪೂರ್ತಿ ಕುಡಿಯಿರಿ. ಅರ್ಧ ಚೆಲ್ಲಬೇಡಿ.

ಹಂತ 3: ಆ ಹತ್ತು ನಿಮಿಷ

ಇಲ್ಲಿ ನಿಧಾನ ಮಾಡಿ. ನಾವು ಕೇಳುವ ಮೊದಲ ಪ್ರಶ್ನೆ, ಕೊನೆಗೆ ಏನು ತಿಂದಿರಿ, ಎಷ್ಟು ಹೊತ್ತಿಗೆ? ಉತ್ತರ ಯಾವಾಗಲೂ "ಏನೂ ಇಲ್ಲ." ಸ್ವಲ್ಪ ಕೆದಕಿದರೆ ಬರುತ್ತದೆ: "ಒಂದು ಕಪ್ ಚಾ ಅಷ್ಟೇ ಸಿಸ್ಟರ್, ಚಾ ಏನು ಊಟನಾ?" ಹೌದು, ಹಾಲು ಹಾಕಿದ ಚಹಾ ನಮ್ಮ ಲೆಕ್ಕದಲ್ಲಿ ಊಟವೇ. ಮಜ್ಜಿಗೆ, ಅಂಬಲಿಯೂ ಅಷ್ಟೇ. ಗಟ್ಟಿ ಆಹಾರ, ಹಾಲು ಇವಕ್ಕೆ ಸಾಮಾನ್ಯವಾಗಿ 6 ಗಂಟೆ ಅಂತರ ಬೇಕು, ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ. ನಿಮ್ಮ ಆಸ್ಪತ್ರೆ ಇದಕ್ಕಿಂತ ಜಾಸ್ತಿ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ. ಮತ್ತಿನಲ್ಲಿ ಗಂಟಲಿನ ಎಚ್ಚರ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಕೆಮ್ಮಿ ಹೊರಹಾಕಲು ಆಗುವುದಿಲ್ಲ, ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಆದ್ದರಿಂದ ಚಹಾ ಕುಡಿದಿದ್ದರೆ ಹೇಳಿಬಿಡಿ, ಬೈಸಿಕೊಂಡರೂ ಪರವಾಗಿಲ್ಲ, ಸರದಿ ಹಿಂದೆ ಹೋಗುತ್ತದೆ ಅಷ್ಟೇ.

ಹಾಗಂತ ನೀರೂ ಬಿಟ್ಟು ಬರಬೇಡಿ. ಬಳ್ಳಾರಿ ಬಿಸಿಲಲ್ಲಿ ರಾತ್ರಿಯೆಲ್ಲ ಭೇದಿ ಆಗಿ, ನೀರೂ ಕುಡಿಯದೆ ಬಂದರೆ ನರ ಸಿಗುವುದಿಲ್ಲ, ಬಿಪಿ ಇಳಿದಿರುತ್ತದೆ, ನಾಲ್ಕು ಕಡೆ ಚುಚ್ಚಿಸಿಕೊಳ್ಳುತ್ತೀರಿ. ಕುಡಿಯಬಹುದು ಅಂತ ಹೇಳಿದ ಹೊತ್ತಿನ ತನಕ ನೀರು, ಎಳನೀರು ಕುಡಿಯಿರಿ. ಕೆಂಪು ಶರಬತ್ತು ಬೇಡ, ಒಳಗೆ ರಕ್ತದ ಹಾಗೇ ಕಾಣುತ್ತದೆ.

ಎರಡನೆಯ ಪ್ರಶ್ನೆ ಕುಡಿತದ್ದು. ಇದು ಮನೆಯವರ ಮುಂದೆ ಬಾಯಿಗೆ ಬರುವುದಿಲ್ಲ. ಯಜಮಾನರೊಬ್ಬರು ಮಗಳ ಮುಂದೆ "ಛೇ, ಮುಟ್ಟಂಗಿಲ್ಲಮ್ಮ" ಅಂದರು. ಒಳಗೆ ಬಂದ ಮೇಲೆ ಕೊಟ್ಟಷ್ಟೂ ಔಷಧಿ ಹತ್ತಲೇ ಇಲ್ಲ, ಮಂಚದ ಮೇಲೆ ಎದ್ದು ಕೂರಲು ನೋಡಿದರು. ದಿನಾ ಕುಡಿಯುವವರಿಗೆ ಈ ಔಷಧಿ ಬೇಗ ಹತ್ತದಿರಬಹುದು, ಗೊತ್ತಿಲ್ಲದೆ ಮೇಲೆ ಮೇಲೆ ಕೊಟ್ಟರೆ ಉಸಿರಿಗೆ ಕಷ್ಟ. ಜೊತೆಯವರನ್ನು ಹೊರಗೆ ಕಳಿಸಿ ಅಂತ ನಮಗೇ ಹೇಳಿ, ನಾವು ಕಳಿಸುತ್ತೇವೆ.

ಇದಕ್ಕಿಂತ ಕೆಟ್ಟದ್ದು, ಧೈರ್ಯಕ್ಕೆ ಅಂತ ಯಾರದೋ ನಿದ್ದೆ ಮಾತ್ರೆ ನುಂಗಿ ಬರುವುದು. ಅದರ ಮೇಲೆ ನಮ್ಮ ಇಂಜೆಕ್ಷನ್ನೂ ಸೇರಿದರೆ ಎರಡೂ ಕೂಡಿ ಉಸಿರನ್ನೇ ಮಂದ ಮಾಡುತ್ತವೆ. ನುಂಗಿದ್ದರೆ ಹೆಸರು ಹೇಳಿ, ಖಾಲಿ ಸ್ಟ್ರಿಪ್ ತೋರಿಸಿ.

ಜೋರಾಗಿ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ಕಟ್ಟುತ್ತದಾ ಅನ್ನುವುದನ್ನು ಹೆಂಡತಿಯೋ ಗಂಡನೋ ಹೇಳಬೇಕು, ನಿಮಗೆ ಗೊತ್ತಿರುವುದಿಲ್ಲ. ಹಿಂದಿನ ಆಪರೇಷನ್ನಿನಲ್ಲಿ ತೊಂದರೆ ಆಗಿತ್ತಾ, ಹಲ್ಲು ಸೆಟ್ ಇದೆಯಾ, ದಮ್ಮು ಇದೆಯಾ, ಅದನ್ನೂ ಹೇಳಿ. ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ ಯಾವುದನ್ನೂ ನೀವೇ ನಿಲ್ಲಿಸಬೇಡಿ, ನೀವೇ ಮುಂದುವರಿಸಲೂ ಬೇಡಿ. ವಾರ ಮೊದಲೇ ಡಾಕ್ಟರನ್ನು ಕೇಳಿ. ಉಗುರಿನ ಬಣ್ಣ ತೆಗೆಯಿರಿ, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪು ತಪ್ಪು ತೋರಿಸಬಹುದು.

ಹಂತ 4: ಮಂಚದ ಮೇಲೆ

ಎಡ ಮಗ್ಗುಲಿಗೆ ತಿರುಗಿ, ಮೊಣಕಾಲು ಮಡಚಿ ಮಲಗಿ. ಮೂಗಿಗೆ ಆಕ್ಸಿಜನ್, ತೋಳಿಗೆ ಬಿಪಿ ಪಟ್ಟಿ. ಮಂಪರಿನ ಔಷಧಿಯನ್ನು ಸ್ವಲ್ಪ ಕೊಟ್ಟು, ಕಾದು ನೋಡಿ, ಮತ್ತೆ ಸ್ವಲ್ಪ ಕೊಡುತ್ತಾರೆ. ವಯಸ್ಸಾದವರಿಗೆ ಕಡಿಮೆ ಸಾಕು. "ಇನ್ನೂ ಹತ್ತಿಲ್ಲ, ಇನ್ನಷ್ಟು ಹಾಕಿ" ಅಂತ ಅವಸರ ಮಾಡಬೇಡಿ.

ನೋವು ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಕರುಳಿನ ಒಳಪದರಕ್ಕೆ ಕತ್ತರಿಸಿದ್ದು ಗೊತ್ತಾಗುವುದಿಲ್ಲ, ಚೂರು ಮಾಂಸ ತೆಗೆದರೂ ಅಷ್ಟೇ. ಅದಕ್ಕೆ ನೋವಾಗುವುದು ಹಿಗ್ಗಿದಾಗ. ಎಡಗಡೆ ಕೆಳಹೊಟ್ಟೆಯಲ್ಲಿ ಕರುಳು ಸುತ್ತಿಕೊಂಡಿರುತ್ತದೆ, ಪೈಪು ಅಲ್ಲಿ ಉಂಗುರ ಹಾಕಿಕೊಂಡರೆ, ಗಾಳಿ ತುಂಬಿದರೆ, ಹಿಂಡಿದ ಹಾಗೆ ಆಗುತ್ತದೆ. ಆಗ ಮತ್ತಿನ ಇಂಜೆಕ್ಷನ್ ಒಂದೇ ಮದ್ದು ಅಂದುಕೊಳ್ಳಬೇಡಿ. ಪೈಪು ಸ್ವಲ್ಪ ಹಿಂದೆಳೆದು ನೇರ ಮಾಡಿದರೆ, ಗಾಳಿ ತೆಗೆದರೆ, ನಾವು ಹೊಟ್ಟೆ ಒತ್ತಿ ಹಿಡಿದರೆ, ನಿಮ್ಮನ್ನು ಮಗ್ಗುಲು ಬದಲಿಸಿದರೆ ಎಷ್ಟೋ ಸಲ ಅಲ್ಲಿಗೇ ಇಳಿಯುತ್ತದೆ. ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಿಡುವ ಮೆಷಿನ್ ಇದ್ದರೆ ಇನ್ನೂ ಒಳ್ಳೆಯದು, ಅದು ಬೇಗ ಹೀರಿಕೊಂಡು ಹೋಗುತ್ತದೆ, ಆಮೇಲೆ ಹೊಟ್ಟೆ ಉಬ್ಬರ ಕಡಿಮೆ. ನೋವಾದರೆ ಬಾಯಿ ಬಿಟ್ಟು ಹೇಳಿ. ಪೂರ್ತಿ ನಿದ್ದೆಯಲ್ಲಿದ್ದರೆ ಹೇಳಲು ಆಗುವುದಿಲ್ಲ, ನಾನು ಮಂಪರು ಸಾಕು ಅನ್ನುವುದು ಇದಕ್ಕೂ ಸೇರಿ. ಹೂಸು ಬಂದರೆ ಬಿಡಿ, ಆ ರೂಮಿನಲ್ಲಿ ನಾಚಿಕೆ ಪಡುವವರು ಯಾರೂ ಇಲ್ಲ.

ಹಂತ 5: ಮನೆಗೆ

ಎದ್ದ ಮೇಲೆ ಚೆನ್ನಾಗಿ ಮಾತಾಡುತ್ತೀರಿ, ಆದರೆ ತಲೆ ಇನ್ನೂ ನೆಟ್ಟಗಾಗಿರುವುದಿಲ್ಲ. 24 ಗಂಟೆ ಬೈಕು, ಟ್ರ್ಯಾಕ್ಟರ್ ಬೇಡ, ಕುಡಿತ ಬೇಡ, ಹೊಲದ ಕಾಗದಕ್ಕೆ ಸಹಿಯೂ ಬೇಡ. ಡಾಕ್ಟರು ಹೇಳಿದ ರಿಸಲ್ಟ್ ಸಂಜೆಗೆ ಮರೆತುಹೋಗಿರಬಹುದು. ಅದಕ್ಕೇ ಜೊತೆಗೆ ದೊಡ್ಡವರೊಬ್ಬರು ಬೇಕು, ನಿಮ್ಮನ್ನು ಒಳಗೆ ಬಿಟ್ಟು ಒಗ್ಗರಣೆ ಮಿರ್ಚಿ ತಿನ್ನಲು ಹೋಗಿ ಫೋನ್ ಎತ್ತದವರು ಬೇಡ. ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಾ ಹೋದರೆ, ಜ್ವರ ಬಂದರೆ, ರಕ್ತ ಜಾಸ್ತಿ ಹೋದರೆ ರಾತ್ರಿಯಾದರೂ ವಾಪಸ್ ಬನ್ನಿ.

ಬಿಡುವ ಚೀಟಿಯಲ್ಲಿ ಯಾವ ಔಷಧಿ, ಎಷ್ಟು ಪ್ರಮಾಣ, ಏನಾದರೂ ತೊಂದರೆ ಆಯಿತಾ ಅಂತ ಬರೆಸಿಕೊಳ್ಳಿ. ಮುಂದಿನ ಸಲ ರಾಯಚೂರಿನಲ್ಲೋ ಕೊಪ್ಪಳದಲ್ಲೋ ಮಾಡಿಸಿದರೆ ಅಲ್ಲಿನ ಸಿಸ್ಟರಿಗೆ ಮೊದಲು ಅದನ್ನೇ ತೋರಿಸಿ.