ಉಜ್ಜುವ ಮೊದಲು ತಿರುಗಿಸಿ ನೋಡಿ

ಹಳೇ ಬೆಳ್ಳಿ ಕೈಗೆ ಸಿಕ್ಕ ಕೂಡಲೇ ಪಾಲಿಶ್ ಡಬ್ಬಿ ತೆಗೆಯಬೇಡಿ. ಮೊದಲು ಅದರ ಬೆನ್ನು ನೋಡಿ.

ನನ್ನ ಹತ್ತಿರ ಒಂದು ಪುಟ್ಟ ಚಮಚ ಇದೆ. ಹಿಡಿಯ ಹಿಂದೆ ಐದು ಅಚ್ಚುಗಳು, ಒಂದೊಂದೂ ಎಳ್ಳಿಗಿಂತ ಒಂಚೂರು ದೊಡ್ಡದು. ನೇರ ಬೆಳಕಿನಲ್ಲಿ ಬರೀ ಗೀರುಗಳ ಹಾಗೆ ಕಾಣುತ್ತವೆ. ಕಿಟಕಿ ಪಕ್ಕ ಓರೆಯಾಗಿ ಹಿಡಿದು, ಮೇಲೊಮ್ಮೆ ಬಾಯಿಂದ ಆವಿ ಊದಿ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದೆ. ಒಂದೊಂದಾಗಿ ಎದ್ದು ಬಂದವು.

ಮೊದಲನೆಯದು ನಡೆಯುವ ಸಿಂಹ, ಇಂಗ್ಲೆಂಡಿನ ಸ್ಟರ್ಲಿಂಗ್ ಗುರುತು: ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಎರಡನೆಯದು ಊರಿನ ಗುರುತು: ಲಂಗರು ಇದ್ದರೆ ಬೆಳ್ಳಿಯ ಶುದ್ಧತೆಯ ಪರೀಕ್ಷೆ ಆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಲಂಡನ್ನಿನದು ಚಿರತೆಯ ತಲೆ, ಎಡಿನ್‌ಬರೋದ್ದು ಕೋಟೆ. ಮೂರನೆಯದು ರಾಣಿಯ ತಲೆ. ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ಈ ಗುರುತು 1784ರಿಂದ 1890ರವರೆಗೆ ಮಾತ್ರ ಇತ್ತು. ರಾಣಿ ಅಂದರೆ ವಿಕ್ಟೋರಿಯಾ, ಹಾಗಾಗಿ 1837ರ ಈಚಿನದು. ನಾಲ್ಕನೆಯದು ಮಾಡಿದವರ ಹೆಸರಿನ ಮೊದಲಕ್ಷರಗಳು. ಐದನೆಯದು ವರ್ಷದ ಅಕ್ಷರ, ಅಂದರೆ ಪರೀಕ್ಷೆ ಆದ ವರ್ಷವನ್ನು ಹೇಳುವ ಅಕ್ಷರ. ಜಾಸ್ತಿ ಜನ ಎಡವುವುದು ಇಲ್ಲೇ. ಅದೇ ಅಕ್ಷರ ಪ್ರತಿ ಸುತ್ತಿನಲ್ಲೂ ಮತ್ತೆ ಬರುತ್ತದೆ, ಊರೂರಿಗೆ ಸುತ್ತು ಬೇರೆ. ಆದ್ದರಿಂದ ಮೊದಲು ಊರು ಗುರುತಿಸಿ. ಆಮೇಲೆ ಅಕ್ಷರದ ಶೈಲಿ, ಅದರ ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಆ ಊರಿನ ವರ್ಷದ ಅಕ್ಷರಗಳ ಪಟ್ಟಿಯ ಜೊತೆ ತಾಳೆ ನೋಡಿ.

ಜರ್ಮನಿಯದಾದರೆ ಅರ್ಧಚಂದ್ರ, ಕಿರೀಟ, ಜೊತೆಗೆ 800ರಂಥ ಸಂಖ್ಯೆ ಹುಡುಕಿ. ಇ.ಪಿ.ಎನ್.ಎಸ್. ಅಂತಿದ್ದರೆ ಅದು ನಿಕಲ್ ಬೆರೆತ ಲೋಹದ ಮೇಲಿನ ಬೆಳ್ಳಿ ಲೇಪ. ಕೆಲವರು ಆ ನಾಲ್ಕು ಅಕ್ಷರಗಳನ್ನೂ ಬೇರೆ ಬೇರೆ ಚೌಕಟ್ಟಿನಲ್ಲಿ ಒತ್ತಿರುತ್ತಾರೆ, ದೂರದಿಂದ ಹಾಲ್‌ಮಾರ್ಕ್ ಥರಾನೇ ಕಾಣುತ್ತದೆ. ಅಯಸ್ಕಾಂತ ಹಿಡಿಯಲಿಲ್ಲ ಅಂತ ಬೆಳ್ಳಿ ಎಂದು ನಂಬಬೇಡಿ, ತಾಮ್ರಕ್ಕೂ ಅದು ಹಿಡಿಯುವುದಿಲ್ಲ.

ಇನ್ನು ಕಪ್ಪಿನ ವಿಚಾರ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಉಬ್ಬಿದ ಕಡೆ ಕೈ ತಾಗಿ ಹೊಳಪು, ತಗ್ಗಿನಲ್ಲಿ ಕಪ್ಪು. ಕೆತ್ತನೆ ಕಣ್ಣಿಗೆ ಕಾಣುವುದೇ ಈ ಎರಡರಿಂದ, ಅಲ್ವಾ? ಬಳ್ಳಿ ಕೆತ್ತಿದ ಒಂದು ಡಬ್ಬಿಯನ್ನು ನಾನು ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಅಡುಗೆ ಸೋಡಾದಲ್ಲಿ ಅದ್ದಿಬಿಟ್ಟೆ. ಕೆಲವೇ ನಿಮಿಷದಲ್ಲಿ ಎಲೆ, ಕಾಂಡ, ಹಿನ್ನೆಲೆ ಎಲ್ಲ ಒಂದೇ ಬಿಳಿ. ತುಂಬಾ ಸಂಕಟವಾಯಿತು.

ಈಗ ಉಗುರುಬೆಚ್ಚಗಿನ ನೀರು, ಎರಡು ಹನಿ ಸೌಮ್ಯ ಸೋಪು, ಮೆತ್ತನೆಯ ಹತ್ತಿ ಬಟ್ಟೆ, ಅಷ್ಟೇ. ತಕ್ಷಣ ಒರೆಸಿ ಒಣಗಿಸುತ್ತೇನೆ. ಹೊಳಪು ಬೇಕೇಬೇಕು ಅನಿಸಿದರೆ ಬೆರಳಿಗೆ ಬಟ್ಟೆ ಸುತ್ತಿ ಉಬ್ಬಿದ ಜಾಗಕ್ಕೆ ಮಾತ್ರ ಪಾಲಿಶ್. ಅಚ್ಚುಗಳ ಮೇಲೆ ಬೇಡ, ಸವೆದರೆ ಮತ್ತೆ ಬರುವುದಿಲ್ಲ. ಟೂತ್‌ಪೇಸ್ಟ್ ಬೇಡವೇ ಬೇಡ, ಅದು ಗೀರುತ್ತದೆ. ಲೇಪದ ಸಾಮಾನನ್ನಂತೂ ಉಜ್ಜಿದಷ್ಟೂ ಒಳಗಿನ ಲೋಹ ಇಣುಕುತ್ತದೆ. ಎತ್ತಿಡುವಾಗ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ದೂರವಿಡಿ. ಎರಡರಲ್ಲೂ ಗಂಧಕ ಇರುತ್ತದೆ.

ಆ ಡಬ್ಬಿಯ ಎಲೆಗಳ ಸಂದಿಯಲ್ಲಿ ಈಗ ತೆಳ್ಳಗೆ ಕಂದು ಬಣ್ಣ ಮೂಡುತ್ತಿದೆ. ಧೂಳು ಒರೆಸುವಾಗಲೂ ಅಲ್ಲಿಗೆ ಬಟ್ಟೆ ತಾಗಿಸುವುದಿಲ್ಲ.