ಸಿಬಿಸಿಯಲ್ಲಿ ಕಣ ಇಳಿದಾಗ ಔಷಧಿ ಡಬ್ಬಿಯನ್ನೂ ನೋಡಿ

ಮಳೆಗಾಲದ ಬೆಂಗಳೂರಿನಲ್ಲಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಡೆಂಗಿ. ಪಪ್ಪಾಯ ಎಲೆ ಹುಡುಕುವ ಮುನ್ನ ಎಣಿಕೆ ನಿಜವೇ ಎಂದು ನೋಡಿ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗಟ್ಟಿಸುತ್ತದೆ. ಯಂತ್ರಕ್ಕೆ ಆ ಗುಂಪು ಲೆಕ್ಕಕ್ಕೆ ಸಿಗದೆ, ಎರಡು ಲಕ್ಷ ಇರುವವರಿಗೂ 40,000 ಎಂದು ಬರಬಹುದು. ಸ್ಮಿಯರ್, ಅಂದರೆ ಗಾಜಿನ ಸ್ಲೈಡ್ ಮೇಲೆ ಹರಡಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಲ್ಯಾಬ್‌ನವರಿಗೆ ಹೇಳಿ. ಗುಂಪು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ರಕ್ತ ಕೊಡಿ. ಅದರಲ್ಲಿನ ದ್ರವ ರಕ್ತವನ್ನು ತೆಳುಮಾಡುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು.

ಬಿಳಿಕಣದಲ್ಲಿ ಟೋಟಲ್ ಕೌಂಟ್ ಒಂದನ್ನೇ ನೋಡಿದರೆ ಸಾಲದು. ಟೋಟಲ್ 2,800, ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ 30% ಇದ್ದರೆ ನ್ಯೂಟ್ರೋಫಿಲ್ ಸಂಖ್ಯೆ 840. 500ಕ್ಕಿಂತ ಕೆಳಗಿಳಿದು ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬೇಡಿ. ಪರಿಚಯದ ಡಾಕ್ಟರೇ ಬೇಕೆಂದು ಟ್ರಾಫಿಕ್‌ನಲ್ಲಿ ಊರಾಚೆ ಹೋಗದೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಸೇರಬೇಕು.

ಇನ್ನು ಮಾತ್ರೆಗಳು. ಕೆಲವು ಮಾತ್ರೆಗಳೂ ಕಣ ಇಳಿಸುತ್ತವೆ. ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡದ್ದನ್ನೆಲ್ಲ ಬರೆಯಿರಿ: ಹೆಸರು, ಡೋಸ್, ಶುರುವಾದ ತಾರೀಖು, ನಿಂತ ತಾರೀಖು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದದ್ದು, ನಾಟಿ ಔಷಧಿ ಯಾವುದನ್ನೂ ಬಿಡಬೇಡಿ. ತಾರೀಖೇ ಮುಖ್ಯ ಸುಳಿವು. ಅತಿಯಾಗಿ ಕೆಲಸಮಾಡುವ ಥೈರಾಯ್ಡ್‌ಗೆ ಕೊಡುವ ಕಾರ್ಬಿಮಜೋಲ್ ನ್ಯೂಟ್ರೋಫಿಲ್ ಕೆಡವುವುದಾದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ. ಗಂಟಲು ನೋವು, ಜ್ವರ ಬಂದರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಸಿಬಿಸಿ ಮಾಡಿಸಿ. ಲೈನ್‌ಜೊಲಿಡ್ ಎಂಬ ಆ್ಯಂಟಿಬಯೋಟಿಕ್ ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಯುವ ಅಪಾಯ ಹೆಚ್ಚು. ಕೀಲುವಾತದವರ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯದು. ಚೀಟಿ ತಪ್ಪಾಗಿ ಓದಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಕಿಡ್ನಿ ದುರ್ಬಲವಿದ್ದರೆ ಅಥವಾ ಜೊತೆಗೆ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಸೇರಿದರೆ ಇನ್ನೂ ಬೇಗ. ಫಿಟ್ಸ್ ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕಣ ಇಳಿದದ್ದು ಮಾತ್ರೆಯಿಂದಲೇ ಆಗಿದ್ದರೆ, ಅದನ್ನು ಬಿಟ್ಟ ಮೇಲೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಣ ಏರತೊಡಗುತ್ತವೆ. ಏರದಿದ್ದರೆ ರಕ್ತಕಣ ಹುಟ್ಟುವ ಮೂಳೆ ಮಜ್ಜೆಯ ಪರೀಕ್ಷೆ ಬೇಕಾಗಬಹುದು. ಸ್ಮಿಯರ್ ವರದಿಯಲ್ಲಿ 'ಬ್ಲಾಸ್ಟ್' (ಬಲಿಯದ ಎಳೆ ರಕ್ತಕಣ) ಎಂದಿದ್ದರೆ ವಾರ ಎಣಿಸುವ ಮಾತೇ ಇಲ್ಲ. ಅದು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರಬಹುದು. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೆಮಟಾಲಜಿ (ರಕ್ತರೋಗ) ವಿಭಾಗವಿರುವ ಬೇರೆ ಆಸ್ಪತ್ರೆಗೋ ಅಂದೇ ಹೋಗಿ, ಸ್ಲೈಡ್ ಕೇಳಿ ಪಡೆದು ಜೊತೆಗಿಡಿ. ಕಾರಣ ತಿಳಿಯುವ ಮೊದಲೇ 'ಪ್ಲೇಟ್‌ಲೆಟ್ ಏರಲಿ' ಎಂದು ಸ್ಟಿರಾಯ್ಡ್ ಶುರುಮಾಡಿದರೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕಣಗಳು ತಾತ್ಕಾಲಿಕವಾಗಿ ಕರಗಿ, ಮಜ್ಜೆಯಲ್ಲಿ ರೋಗ ಮರೆಯಾಗಿಬಿಡಬಹುದು.