ಪವರ್ ಬ್ಯಾಂಕ್‌ಗಳೊಡನೆ ಮೂರು ವರ್ಷ: ವಿಮರ್ಶೆ ಬರೆದು ನಾನು ಗಳಿಸಿದ್ದು

ವಸ್ತುಗಳ ವಿಮರ್ಶೆ ಬರೆಯುವ ಜಾಲತಾಣವೊಂದು ನನ್ನದಿದೆ. ಅಲ್ಲಿನ ಲಿಂಕ್ ಒತ್ತಿ ಓದುಗರು ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ. ಅದರ ಮೂರನೆಯ ತಿಂಗಳ ಲೆಕ್ಕ ಹೀಗಿತ್ತು: ತಾಣಕ್ಕೆ ಬಂದವರು 212, ಲಿಂಕ್ ಒತ್ತಿ ಕೊಂಡವರು 2, ಕೊಂಡು ಹಿಂದಿರುಗಿಸಿದವರು 1. ಗ್ರಾಹಕರು ವಸ್ತುವನ್ನು ವಾಪಸ್ ಮಾಡಿದರೆ ನಮ್ಮ ಕಮಿಷನ್ನೂ ಅದರ ಬೆನ್ನಿಗೇ ವಾಪಸ್ ಹೋಗುತ್ತದೆ ಎಂಬುದು ನನಗೆ ತಿಳಿದದ್ದೇ ಆಗ. ಸಾಲದ್ದಕ್ಕೆ ಹಿಂದಿನ ತಿಂಗಳು ಮಾರಾಟವಾಗಿದ್ದ ದುಬಾರಿ ವಸ್ತುವೊಂದೂ ಅದೇ ವಾರ ಮರಳಿ ಬಂದು, ಆ ತಿಂಗಳ ಗಳಿಕೆಯ ಅಂಕಿಯ ಹಿಂದೆ ಒಂದು ಪುಟ್ಟ ಅಡ್ಡಗೆರೆ ಕಾಣಿಸಿಕೊಂಡಿತು. ಮೈನಸ್. ಕೆಲಸ ಮಾಡಿ ಸಾಲಗಾರನಾದ ಹಾಗೆ.

ಇಲ್ಲಿಗೆ ಬರುವ ಮೊದಲು ಒಂದು ತಪ್ಪು ದಾರಿಯನ್ನೂ ತುಳಿದಿದ್ದೆ. ಅದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

‘ಮನೆಯಲ್ಲೇ ಕುಳಿತು ರಿವ್ಯೂ ಬರೆದು ಗಳಿಸಿ’ ಎಂಬ ಸಂದೇಶ ನನ್ನ ಮೊಬೈಲಿಗೂ ಬಂದಿತ್ತು. ಏರ್ಪಾಡು ಸರಳವಾಗಿತ್ತು. ಅವರು ಹೇಳಿದ ಇಯರ್‌ಫೋನನ್ನು ನನ್ನ ಹಣದಲ್ಲೇ ಕೊಳ್ಳುವುದು, ಐದು ನಕ್ಷತ್ರ ಕೊಟ್ಟು ಎರಡು ಫೋಟೋ ಹಾಕುವುದು, ಆಮೇಲೆ ಅವರು ಪೂರ್ತಿ ಹಣದ ಜೊತೆ ಸ್ವಲ್ಪ ‘ಸಂಭಾವನೆ’ಯನ್ನೂ ಖಾತೆಗೆ ಹಾಕುವುದು. ಮೊದಲ ಸಲ ಹಣ ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ವಸ್ತು ದುಬಾರಿಯಾಗಿತ್ತು. ಐದು ನಕ್ಷತ್ರ ಕೊಟ್ಟ ಮರುದಿನ ಅವರ ಫೋನ್ ಸಂಖ್ಯೆಯೇ ಇಲ್ಲವಾಯಿತು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಹೋದ ಹಣಕ್ಕಿಂತ ಹೆಚ್ಚು ಕಾಡಿದ್ದು ಆ ಇಯರ್‌ಫೋನ್‌ಗಳ ಕೆಳಗೆ ನಾನು ಬರೆದಿದ್ದ ವಾಕ್ಯಗಳು. ‘ಬಾಸ್ ಅದ್ಭುತವಾಗಿದೆ’ ಎಂದು ಬರೆದಿದ್ದೆ. ಅದರಲ್ಲಿ ಬಾಸ್, ಅಂದರೆ ತಗ್ಗಿನ ದನಿಯ ಗುಡುಗು, ಇರಲೇ ಇಲ್ಲ.

ಆಮೇಲೆ ಓದಿ ತಿಳಿದದ್ದು: ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ವಸ್ತು ಪಡೆದು ಅದಕ್ಕೆ ಪ್ರತಿಯಾಗಿ ರಿವ್ಯೂ ಬರೆಯುವುದನ್ನು ಅಮೆಜಾನ್ 2016ರಲ್ಲೇ ನಿಷೇಧಿಸಿತ್ತು, ತಾನೇ ನಡೆಸುವ ‘ವೈನ್’ ಯೋಜನೆಯೊಂದನ್ನು ಬಿಟ್ಟು. ವೈನ್‌ನಲ್ಲೂ ಸಿಗುವುದು ವಸ್ತು ಮಾತ್ರ, ಹಣವಲ್ಲ. ಅದಕ್ಕೆ ಅವರಾಗಿಯೇ ಕರೆಯಬೇಕು, ನಾವು ಅರ್ಜಿ ಹಾಕುವಂತಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಸುಳ್ಳು ವಿಮರ್ಶೆಗಳನ್ನು ಕೊಳ್ಳುವುದು ಮತ್ತು ಮಾರುವುದು ಎರಡನ್ನೂ ನಿಷೇಧಿಸುವ ನಿಯಮವನ್ನೇ ತಂದಿತು. ನಾನು ಮಾಡಿದ್ದು ಉಪ ಆದಾಯದ ಕೆಲಸವಲ್ಲ, ಮೋಸದ ಕೆಲಸ. ಆ ಮೂರು ರಿವ್ಯೂಗಳನ್ನೂ ಅಳಿಸಿ ಹಾಕಿದೆ.

ಆದರೂ ವಿಮರ್ಶೆಯಿಂದ ನ್ಯಾಯವಾಗಿ ಗಳಿಸುವ ದಾರಿ ಇದೆ, ಅದೂ ಹೊಸದಲ್ಲ. 1999ರಲ್ಲಿ ಆರಂಭವಾದ ಎಪಿನಿಯನ್ಸ್ ಎಂಬ ತಾಣ ಸಾಮಾನ್ಯ ಗ್ರಾಹಕರು ಬರೆದ ವಿಮರ್ಶೆಗಳಿಗೆ ಆದಾಯದಲ್ಲಿ ಪಾಲು ಕೊಡುತ್ತಿತ್ತು. ಲಿಂಕಿನಿಂದಾದ ಮಾರಾಟಕ್ಕೆ ಕಮಿಷನ್ ಕೊಡುವ ಅಮೆಜಾನಿನ ಅಫಿಲಿಯೇಟ್ ಯೋಜನೆ ಶುರುವಾದದ್ದು 1996ರಲ್ಲಿ. 2011ರಲ್ಲಿ ಬ್ರಯಾನ್ ಲ್ಯಾಮ್ ಎಂಬ ಪತ್ರಕರ್ತ ಆರಂಭಿಸಿದ ವೈರ್‌ಕಟರ್ ಎಂಬ ವಿಮರ್ಶೆಯ ತಾಣ ಹೆಚ್ಚುಕಡಿಮೆ ಈ ಕಮಿಷನ್ ಮೇಲೆಯೇ ನಿಂತಿತ್ತು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರಿಗೆ ಕೊಂಡಿತು. ಇದನ್ನು ಓದಿದ ರಾತ್ರಿಯೇ ನಾನು ಒಂದು ಡೊಮೇನ್ ಹೆಸರು, ಅಂದರೆ ಜಾಲತಾಣದ ವಿಳಾಸ, ಕೊಂಡೆ. ಆ ರಾತ್ರಿಯ ಉತ್ಸಾಹವನ್ನು ನೆನೆದರೆ ಈಗಲೂ ನಗು ಬರುತ್ತದೆ.

ಮೊದಲ ನಾಲ್ಕು ತಿಂಗಳಲ್ಲಿ 14 ಲೇಖನ ಬರೆದೆ. ಎಲ್ಲವೂ ‘ಅತ್ಯುತ್ತಮ 10’ ಜಾತಿಯವು: ಹತ್ತು ಕೀಬೋರ್ಡ್, ಹತ್ತು ಸ್ಪೀಕರ್, ಹತ್ತು ಕೈಗಡಿಯಾರ. ಒಂದನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ತಯಾರಕರ ಪುಟದಲ್ಲಿದ್ದ ಗುಣವಿವರಗಳನ್ನು ಬೇರೆ ಮಾತಿನಲ್ಲಿ ತಿರುವಿ ಹಾಕಿ, ಕೊನೆಯಲ್ಲಿ ‘ನಿಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಳ್ಳಿ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮುಗಿಸುತ್ತಿದ್ದೆ. ತೌಡು ಕುಟ್ಟುವ ಕೆಲಸ. ದಿನಕ್ಕೆ ಏಳೆಂಟು ಮಂದಿ ಬರುತ್ತಿದ್ದರು, ಅವರಲ್ಲಿ ಒಬ್ಬ ನಾನೇ.

ಬದಲಾವಣೆ ಬಂದದ್ದು ಯುಎಸ್‌ಬಿ ಮೀಟರ್ ಎಂಬ ಬೆರಳುದ್ದದ ಉಪಕರಣದಿಂದ. ಚಾರ್ಜರ್ ಮತ್ತು ಫೋನಿನ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಒಟ್ಟು ಎಷ್ಟು ವಿದ್ಯುತ್ ಹರಿಯಿತು ಎಂಬುದನ್ನು ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಅದನ್ನು ಕೊಂಡದ್ದು ಬರೆಯುವುದಕ್ಕಲ್ಲ, ನನ್ನ ಪವರ್ ಬ್ಯಾಂಕ್ ಮೇಲಿನ ಸಿಟ್ಟಿಗೆ. ಅದರ ಮೇಲೆ 10,000 ಎಂಎಎಚ್ (ಮಿಲಿಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಸುತ್ತದೆ ಎಂಬ ಅಳತೆ) ಎಂದು ಬರೆದಿತ್ತು, ನನ್ನ ಫೋನಿನ ಬ್ಯಾಟರಿ 5,000. ಎರಡು ಸಲ ತುಂಬಬೇಕಲ್ಲವೇ? ಒಂದೂವರೆ ಸಲಕ್ಕೇ ಅದು ಕಣ್ಣು ಮುಚ್ಚುತ್ತಿತ್ತು.

ಮೀಟರಿಗೆ 2 ಆಂಪಿಯರ್ ಎಳೆಯುವ ಲೋಡ್, ಅಂದರೆ ವಿದ್ಯುತ್ತನ್ನು ಒಂದೇ ಸಮನೆ ಹೀರುವ ಸಾಧನ, ಜೋಡಿಸಿ ಮೇಜಿನ ಮೇಲಿಟ್ಟೆ. ಪೂರ್ತಿ ಖಾಲಿಯಾಗಲು ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ಪರದೆ ತೋರಿಸಿದ್ದು 6,340 ಎಂಎಎಚ್. ಮೋಸ ಹೋದೆ ಅಂದುಕೊಂಡೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಅದು ಮೋಸವಲ್ಲ ಎಂದು ತಿಳಿಯಿತು. ಒಳಗಿನ ಸೆಲ್ 3.7 ವೋಲ್ಟಿನದು. ಆ ವೋಲ್ಟಿನಲ್ಲಿ 10,000 ಎಂಎಎಚ್ ಎಂದರೆ 37 ವ್ಯಾಟ್-ಅವರ್ ಶಕ್ತಿ. ಹೊರಗೆ ಬರುವುದು 5 ವೋಲ್ಟಿನಲ್ಲಿ. ಹಾಗಾಗಿ 37ನ್ನು 5ರಿಂದ ಭಾಗಿಸಿದರೆ 7.4 ಆಂಪಿಯರ್-ಅವರ್, ಅಂದರೆ 7,400 ಎಂಎಎಚ್ ಮಾತ್ರ ಉಳಿಯುತ್ತದೆ. ವೋಲ್ಟೇಜ್ ಏರಿಸುವಾಗ ಶಾಖವಾಗಿ ಹೋಗುವ ಪಾಲನ್ನೂ ಕಳೆದರೆ 6,300ರ ಆಸುಪಾಸು ಸಿಕ್ಕರೆ ಒಳ್ಳೆಯ ವಸ್ತುವೇ. ಪೆಟ್ಟಿಗೆಯ ಹಿಂಬದಿಯಲ್ಲಿ, ಭೂತಕನ್ನಡಿ ಬೇಡುವಷ್ಟು ಸಣ್ಣ ಅಕ್ಷರದಲ್ಲಿ, ‘ರೇಟೆಡ್ ಕೆಪಾಸಿಟಿ’ ಎಂದು ಇಂಥದೇ ಸಂಖ್ಯೆಯನ್ನು ಅನೇಕ ಕಂಪನಿಗಳು ಅಚ್ಚು ಹಾಕಿಯೂ ಇರುತ್ತವೆ.

ಗೆಳೆಯರಿಂದ ಇನ್ನೂ ನಾಲ್ಕು ಪವರ್ ಬ್ಯಾಂಕ್ ಎರವಲು ತಂದೆ. ಪ್ರತಿಯೊಂದನ್ನೂ ಮೂರು ಸಲ ತುಂಬಿಸಿ ಖಾಲಿ ಮಾಡಿದೆ. ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಮೀಟರಿನ ಫೋಟೋ ತೆಗೆದದ್ದೂ ಇದೆ. ಅದರಲ್ಲೊಂದರ ಮೇಲೆ 20,000 ಎಂದಿತ್ತು, ಕೊಟ್ಟದ್ದು 4,100. ಆ ಐದರ ಫೋಟೋ, ಲೆಕ್ಕ, ‘ಇದನ್ನು ಕೊಳ್ಳಬೇಡಿ’ ಎಂಬ ಮಾತು, ಎಲ್ಲವನ್ನೂ ಸೇರಿಸಿ ಬರೆದ ಲೇಖನ ನನ್ನ 15ನೆಯದು. ಎರಡು ತಿಂಗಳೊಳಗೆ ಹಿಂದಿನ ಹದಿನಾಲ್ಕಕ್ಕೂ ಸೇರಿ ಬಂದಿದ್ದಕ್ಕಿಂತ ಹೆಚ್ಚು ಓದುಗರು ಅದೊಂದಕ್ಕೇ ಬಂದರು. ಗೂಗಲ್ 2021ರ ಏಪ್ರಿಲ್‌ನಿಂದಲೇ ಹುಡುಕಾಟದಲ್ಲಿ, ವಸ್ತುವನ್ನು ಆಳವಾಗಿ ಪರಿಶೀಲಿಸಿ ಬರೆದ ವಿಮರ್ಶೆಗಳಿಗೆ ಮೇಲಿನ ಸ್ಥಾನ ಕೊಡಲು ಹೊರಟಿತ್ತು ಎಂಬುದನ್ನು ನಾನು ತಡವಾಗಿ ಓದಿಕೊಂಡೆ.

ಆದರೆ ಓದುಗರು ಬಂದ ಮಾತ್ರಕ್ಕೆ ಹಣ ಬರುವುದಿಲ್ಲ. ಆ ಲೇಖನವನ್ನು ಓದಿದವರು ತಮ್ಮ ಬಳಿ ಇರುವ ಪವರ್ ಬ್ಯಾಂಕ್ ಸರಿಯಾಗಿಯೇ ಇದೆ ಎಂದು ಸಮಾಧಾನ ಪಟ್ಟುಕೊಂಡು ಹೊರಟು ಹೋಗುತ್ತಿದ್ದರು. ಒಳ್ಳೆಯದೇ, ಆದರೆ ನನ್ನ ಖಾತೆಗೆ ಏನೂ ಬೀಳಲಿಲ್ಲ.

ಹಣ ತಂದದ್ದು ಒಂದು ಇಮೇಲಿನಿಂದ ಹುಟ್ಟಿದ ಲೇಖನ. ಓದುಗರೊಬ್ಬರು ಕೇಳಿದ್ದರು: ‘ಸರ್, ನನ್ನ ವೈರ್‌ಲೆಸ್ ಇಯರ್‌ಬಡ್ ಪವರ್ ಬ್ಯಾಂಕಿಗೆ ಹಾಕಿದರೆ ಅರ್ಧ ನಿಮಿಷಕ್ಕೆ ಚಾರ್ಜ್ ನಿಂತು ಹೋಗುತ್ತದೆ, ಯಾವುದು ಕೆಟ್ಟಿದೆ?’ ಯಾವುದೂ ಕೆಟ್ಟಿರುವುದಿಲ್ಲ. ಇಯರ್‌ಬಡ್, ಸ್ಮಾರ್ಟ್ ವಾಚ್‌ನಂಥ ಸಣ್ಣ ಸಾಧನಗಳು ಎಳೆಯುವ ವಿದ್ಯುತ್ ತೀರಾ ಕಡಿಮೆ. ಫೋನ್ ತುಂಬಿತು, ಇನ್ನು ಸಾಕು ಎಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಕೆಲವು ಮಾದರಿಗಳಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ವಿದ್ಯುತ್ತಿನ ಮೋಡ್‌ಗೆ ಹೋಗುತ್ತದೆ, ಆಗ ಆಫ್ ಆಗುವುದಿಲ್ಲ. ಯಾವ ಮಾದರಿಗಳಲ್ಲಿ ಇದು ನಿಜವಾಗಿ ಕೆಲಸ ಮಾಡುತ್ತದೆ ಎಂದು ಆರನ್ನು ಪರೀಕ್ಷಿಸಿ ಬರೆದೆ. ಓದುಗರ ಸಂಖ್ಯೆ ಮೊದಲಿನ ಲೇಖನದ ಐದನೆಯ ಒಂದು ಭಾಗವೂ ಇಲ್ಲ. ಆದರೆ ಅದನ್ನು ಹುಡುಕಿ ಬರುವವರಿಗೆ ಒಂದು ತೊಂದರೆ ಇರುತ್ತದೆ, ಅದಕ್ಕೆ ಪರಿಹಾರ ಯಾವುದೆಂದು ತಿಳಿದ ಕೂಡಲೇ ಕೊಳ್ಳುತ್ತಾರೆ. ಲಿಂಕ್ ಒತ್ತಿದ ನೂರರಲ್ಲಿ ಹನ್ನೊಂದು ಮಂದಿ ಕೊಂಡ ತಿಂಗಳೂ ಇತ್ತು. ‘ಯಾವುದು ಅತ್ಯುತ್ತಮ’ ಎಂಬ ಪ್ರಶ್ನೆಯನ್ನು ದೊಡ್ಡ ತಾಣಗಳಿಗೆ ಬಿಟ್ಟುಕೊಟ್ಟು, ಅಂದಿನಿಂದ ಇಂಥ ಪುಟ್ಟ ತಲೆನೋವುಗಳನ್ನೇ ಹುಡುಕಿಕೊಂಡು ಹೋದೆ. ವಿಮಾನದಲ್ಲಿ ಕೈಚೀಲದೊಳಗೆ ಪವರ್ ಬ್ಯಾಂಕನ್ನು ಸಾಮಾನ್ಯವಾಗಿ ಬಿಡುವುದು 100 ವ್ಯಾಟ್-ಅವರ್‌ವರೆಗೆ. ಹಾಗಾದರೆ ಎಷ್ಟು ಎಂಎಎಚ್ ತನಕ ಕೊಳ್ಳಬಹುದು? ಸುಮಾರು 27,000. ಇದೂ ಒಂದು ಲೇಖನವಾಯಿತು.

ಮೊದಲ ಪಾವತಿ ಕೈಗೆ ಬಂದದ್ದು ಹನ್ನೊಂದನೆಯ ತಿಂಗಳು. ಕನಿಷ್ಠ ಮೊತ್ತ ತಲುಪುವವರೆಗೆ ಹಣ ಕೊಡುವುದಿಲ್ಲ, ತಲುಪಿದ ಮೇಲೂ ಸುಮಾರು ಎರಡು ತಿಂಗಳು ಕಾಯಬೇಕು, ಏಕೆಂದರೆ ವಾಪಸ್ ಬರುವ ವಸ್ತುಗಳ ಲೆಕ್ಕ ಮುಗಿಯಬೇಕು. ಒಬ್ಬರು ನಮ್ಮ ಲಿಂಕ್ ಒತ್ತಿದ ಮೇಲೆ ಖರೀದಿ ನಮ್ಮ ಲೆಕ್ಕಕ್ಕೆ ಸೇರುವ ಅವಧಿಯೂ ಒಂದೊಂದು ಕಡೆ ಒಂದೊಂದು: ಅಮೆಜಾನಿನಲ್ಲಿ 24 ಗಂಟೆ, ಬೇರೆ ಕೆಲವು ಯೋಜನೆಗಳಲ್ಲಿ 30 ದಿನ. ಆ ಅವಧಿಯಲ್ಲಿ ಅವರು ಬೇರೇನನ್ನು ಕೊಂಡರೂ ಕಮಿಷನ್ ಬರುವುದುಂಟು. ನನ್ನ ಪವರ್ ಬ್ಯಾಂಕ್ ಲಿಂಕಿನಿಂದ ಹೋದ ಯಾರೋ ಪುಣ್ಯಾತ್ಮರು ಮಗುವಿನ ತೊಟ್ಟಿಲು ಕೊಂಡಿದ್ದರು. ಆ ತಿಂಗಳ ದೊಡ್ಡ ಗಳಿಕೆ ಅದೇ. ನಮ್ಮ ಲಿಂಕಿನಿಂದ ನಾವೇ ಕೊಳ್ಳುವಂತಿಲ್ಲ, ಮನೆಯವರೂ ಕೊಳ್ಳುವಂತಿಲ್ಲ. ನನಗೆ ಉಪಕಾರವಾಗಲಿ ಎಂದು ಹೆಂಡತಿ ಸದ್ದಿಲ್ಲದೆ ಕೊಂಡ ಕೇಬಲ್ಲಿನ ಕಮಿಷನ್ ತಿರಸ್ಕೃತವಾಗಿ, ಅದರ ಜೊತೆ ಎಚ್ಚರಿಕೆಯ ಪತ್ರವೂ ಬಂತು. ‘ಉಪಕಾರ ಮಾಡಿದ್ದಕ್ಕೆ ಬೈಸಿಕೊಳ್ಳಬೇಕಾ?’ ಎಂದು ಅವಳು ಇವತ್ತಿಗೂ ಕೇಳುತ್ತಾಳೆ.

‘ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ’ ಎಂಬ ಸಾಲನ್ನು ಲೇಖನದ ತಲೆಯಲ್ಲೇ ಹಾಕುತ್ತೇನೆ. ಮೊದಲು ಪುಟದ ತಳದಲ್ಲಿ, ಮಸುಕು ಬಣ್ಣದಲ್ಲಿ ಅಡಗಿಸಿದ್ದೆ. ಮೇಲೆ ತಂದರೆ ಜನ ಓಡಿಹೋಗುತ್ತಾರೆ ಎಂಬ ಭಯವಿತ್ತು. ಯಾರೂ ಓಡಲಿಲ್ಲ.

ಸ್ವಲ್ಪ ಹೆಸರಾದ ಮೇಲೆ ಕಂಪನಿಗಳಿಂದ ಉಚಿತ ಮಾದರಿಗಳು ಬರತೊಡಗಿದವು. ಒಂದು ಕಂಪನಿಯವರು ನನ್ನ ಬರಹ ಓದಿ ಬಹಳ ವಿನಯದಿಂದ ಬರೆದರು: ಎಲ್ಲವೂ ಸೊಗಸಾಗಿದೆ, ‘ಚಾರ್ಜ್ ಆಗುವಾಗ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ’ ಎಂಬ ವಾಕ್ಯವನ್ನು ಮಾತ್ರ ‘ಸ್ವಲ್ಪ ಬೆಚ್ಚಗಾಗುತ್ತದೆ’ ಎಂದು ತಿದ್ದಿದರೆ ಇನ್ನೂ ಮೂರು ಮಾದರಿ ಕಳಿಸುತ್ತೇವೆ. ಮಾದರಿಯನ್ನು ವಾಪಸ್ ಕಳಿಸಿದೆ. ಈಗ ಉಚಿತವಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೊಂಡು, ಪರೀಕ್ಷಿಸಿ, ಆಮೇಲೆ ಹಳೆಯ ವಸ್ತುವೆಂದು ಮಾರುತ್ತೇನೆ, ನಷ್ಟ ಅಂದುಕೊಂಡಷ್ಟಿಲ್ಲ.

2023ರ ಕೊನೆಗೆ ಓದುಗರ ಸಂಖ್ಯೆ ಒಂದೇ ತಿಂಗಳಲ್ಲಿ ಅರ್ಧಕ್ಕಿಳಿಯಿತು. ಕಾರಣ ಹುಡುಕುತ್ತಾ ಎರಡು ವಾರ ನಿದ್ದೆಗೆಟ್ಟೆ. ಕೊನೆಗೆ ಮಾಡಿದ್ದು ಒಂದೇ ಕೆಲಸ, ಮೊದಲ ಹದಿನಾಲ್ಕು ಲೇಖನಗಳನ್ನು ಕಿತ್ತು ಹಾಕಿದೆ. ಅದರಿಂದಲೇ ಚೇತರಿಸಿತೋ ತಾನಾಗಿಯೇ ಸರಿಹೋಯಿತೋ, ಎಂಟು ತಿಂಗಳಲ್ಲಿ ಮುಕ್ಕಾಲು ಪಾಲು ಮರಳಿತು. ಈಗ ವಾರಕ್ಕೆ ಎಂಟು ಗಂಟೆ ಕೆಲಸ, ತಿಂಗಳಿಗೆ ನನ್ನ ಸಂಬಳದ ಎಂಟನೆಯ ಒಂದು ಭಾಗದಷ್ಟು ಆದಾಯ. ವರ್ಷಾಂತ್ಯದ ರಿಯಾಯಿತಿ ಮಾರಾಟದ ತಿಂಗಳಲ್ಲಿ ಅದರ ದುಪ್ಪಟ್ಟು. ಕೆಲಸ ಬಿಟ್ಟು ಇದನ್ನೇ ಮಾಡು ಎನ್ನುವವರಿಗೆ ಆ ಮೈನಸ್ ತಿಂಗಳ ಪುಟವನ್ನು ತೋರಿಸುತ್ತೇನೆ.

ಈ ಆದಾಯದ ಮೂರನೆಯ ಒಂದು ಪಾಲು ಬರುತ್ತಿದ್ದದ್ದು ಇಯರ್‌ಬಡ್ ಲೇಖನದಲ್ಲಿ ನಾನು ಮೊದಲ ಸ್ಥಾನ ಕೊಟ್ಟಿದ್ದ ಒಂದೇ ಒಂದು ಪವರ್ ಬ್ಯಾಂಕಿನಿಂದ. ಮಾರದೆ ಉಳಿಸಿಕೊಂಡ ಹಳೆಯ ವಸ್ತುಗಳನ್ನು ವರ್ಷಕ್ಕೊಮ್ಮೆ ಮತ್ತೆ ಅಳೆಯುವ ರೂಢಿ ಇಟ್ಟುಕೊಂಡಿದ್ದೇನೆ. ಈ ಸಲ ಅದನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಾಗ ಅದು ನೆಟ್ಟಗೆ ಕೂರಲಿಲ್ಲ, ತೊಟ್ಟಿಲಿನ ಹಾಗೆ ಅಲ್ಲಾಡಿತು. ಬೆನ್ನು ಉಬ್ಬಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು, ಆದ್ದರಿಂದ ಅಳೆಯುವ ಪ್ರಶ್ನೆಯೇ ಇರಲಿಲ್ಲ. ಒಂದು ಉಬ್ಬಿದ ಮಾತ್ರಕ್ಕೆ ಮಾದರಿಯೇ ಕೆಟ್ಟದ್ದೆನ್ನಬಹುದೇ, ನಾನು ಬಳಸಿದ್ದರಲ್ಲೇ ದೋಷವಿದ್ದಿರಬಹುದಲ್ಲವೇ ಎಂದೆಲ್ಲ ನನ್ನೊಡನೆ ನಾನೇ ವಾದ ಮಾಡಿದೆ. ಅದೇ ವಸ್ತುವನ್ನು ಕೊಂಡಿದ್ದ ಇಬ್ಬರು ಓದುಗರಿಗೆ ಬರೆದು ಕೇಳಿದೆ. ಒಬ್ಬರದು ಸರಿಯಾಗಿದೆ, ಇನ್ನೊಬ್ಬರದು ಉಬ್ಬಿದೆ. ಆ ಉತ್ತರ ಬಂದ ಮೇಲೂ ಕೆಲಸದ ನೆಪ ಹೇಳಿಕೊಂಡು ದಿನ ತಳ್ಳಿದೆ. ಕೊನೆಗೆ ಫೋಟೋ ಹಾಕಿ, ‘ಇನ್ನು ಇದನ್ನು ಶಿಫಾರಸು ಮಾಡುವುದಿಲ್ಲ’ ಎಂದು ಬರೆದು ಲಿಂಕ್ ತೆಗೆದದ್ದು ಉಬ್ಬು ಕಂಡ ಹದಿನೇಳನೆಯ ದಿನ. ಆ ಹದಿನೇಳು ದಿನಗಳಲ್ಲಿ ನನ್ನ ಲಿಂಕಿನಿಂದ 23 ಮಾರಾಟವಾಗಿದ್ದವು. ಒಂದೂ ವಾಪಸ್ ಬರಲಿಲ್ಲ. ಕಮಿಷನ್ ಎರಡು ತಿಂಗಳ ನಂತರ ಎಂದಿನಂತೆ ಖಾತೆಗೆ ಬಂತು.